ಕಾಲು ನಿಲ್ಲದ ಆಮೆ

ನಮ್ಮ ಮನೆಗೆ ಆಮೆ ಬಂದದ್ದು ಬಟ್ಟೆ ಒಗೆಯುವ ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂತು. ಬಹ್ರೇನಿನ ಗುಫೂಲಿನಲ್ಲಿ ನಮ್ಮ ಎದುರು ಫ್ಲ್ಯಾಟಿನಲ್ಲಿದ್ದ ಜೋರ್ಡಾನಿನ ಮೇಷ್ಟ್ರು ಶಾಲೆಯ ಕೆಲಸ ಮುಗಿಸಿ ಹೆಂಡತಿಯೊಂದಿಗೆ ಊರಿಗೆ ಹೊರಟಿದ್ದರು. ಹದಿನೈದು ವರ್ಷ ಸಾಕಿದ ಆಮೆಯನ್ನು ವಿಮಾನದಲ್ಲಿ ಒಯ್ಯಲು ಬೇಕಾದ ಕಾಗದಪತ್ರಗಳ ಪಟ್ಟಿ ನೋಡಿ ಅವರು ಕೈಚೆಲ್ಲಿ ಕೂತಿದ್ದರು. ನಾನು ಹಿದ್‌ನ ಬಂದರಿನ ಪಕ್ಕ ಒಂದು ಶಿಪ್ಪಿಂಗ್ ಕಂಪನಿಯಲ್ಲಿ ಕಂಟೇನರುಗಳ ಕಾಗದಪತ್ರ ನೋಡಿಕೊಳ್ಳುವವನು. ಆ ಪಟ್ಟಿಯನ್ನು ನಾನೂ ಓದಿ, ನಲವತ್ತಡಿ ಕಂಟೇನರಿನ ತುಂಬ ಸಿಮೆಂಟು ಕಳಿಸುವುದು ಇದಕ್ಕಿಂತ ಸುಲಭ ಅಂದೆ. ಹಾಗೆ ಅಂದದ್ದೇ ತಪ್ಪಾಯಿತು. ಮರುದಿನ ಸಂಜೆ ಅವರು ಟಬ್ಬು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಬ್ರದರ್, ಇವನು ಕಲ್ಲಿನ ಹಾಗೆ. ಇಟ್ಟಲ್ಲಿ ಇರುತ್ತಾನೆ. ಬೆಳಿಗ್ಗೆ ಸ್ವಲ್ಪ ಸೊಪ್ಪು, ಸಂಜೆ ಸ್ವಲ್ಪ ಬಿಸಿಲು. ಮಾಫಿ ಮುಷ್ಕಿಲ್," ಅಂದರು.

ಮಾಫಿ ಮುಷ್ಕಿಲ್ ಅಂದರೆ ಏನೂ ತೊಂದರೆಯಿಲ್ಲ ಅಂತ. ನಮ್ಮ ಆಫೀಸಿನಲ್ಲಿ ಸಾಮಾನ್ಯವಾಗಿ ಈ ಮಾತು ಹೇಳಿದ ಮೇಲೆಯೇ ತೊಂದರೆ ಶುರುವಾಗುವುದು.

"ಗಂಡಾ?" ಅಂತ ನನ್ನ ಹೆಂಡತಿ ಕೇಳಿದಳು.

"ಗಂಡೇ. ನೂರಕ್ಕೆ ನೂರು," ಅಂದರು ಮೇಷ್ಟ್ರು. ಆಮೇಲೆ ಬಗ್ಗಿ ಆಮೆಯ ಬೆನ್ನಿನ ಮೇಲೆ ಕೈಯಿಟ್ಟು ಅರಬಿಯಲ್ಲಿ ಏನೋ ಪಿಸುಗುಟ್ಟಿ, ಕಣ್ಣೊರೆಸಿಕೊಂಡು ಹೋದರು.

ಆಮೆ ದೋಸೆ ಕಾವಲಿಯಷ್ಟು ಅಗಲವಿತ್ತು. ಕತ್ತು ಹೊರಗೆ ಚಾಚಿ ನಮ್ಮ ಮನೆಯನ್ನು ನೋಡಿದ ರೀತಿಯಲ್ಲಿ, ಹುಡುಗಿ ನೋಡಲು ಬಂದ ಗಂಡಿನ ಕಡೆಯ ಹಿರಿಯರೊಬ್ಬರು ಗೋಡೆಯ ಬಣ್ಣ ಪರೀಕ್ಷಿಸುವ ಗತ್ತಿತ್ತು. ಹನ್ನೆರಡು ವರ್ಷದ ನನ್ನ ಮಗಳು ಆ ಕ್ಷಣವೇ ಅದನ್ನು 'ಅಂಕಲ್' ಅಂತ ಕರೆಯಲು ಶುರುಮಾಡಿದಳು.

ಮೇಷ್ಟ್ರು ಹೇಳಿದ್ದು ಎರಡು ತಿಂಗಳ ಮಟ್ಟಿಗೆ ನಿಜವಾಗಿತ್ತು. ಚಳಿಗಾಲ. ಅಂಕಲ್ ಸೋಫಾದ ಕೆಳಗೆ ಮಲಗಿರುತ್ತಿತ್ತು. ಬಂದವರಿಗೆ ತೋರಿಸಲು ಮೊಣಕಾಲೂರಿ ಟಾರ್ಚು ಬಿಡಬೇಕಿತ್ತು. ಇಷ್ಟು ಮರ್ಯಾದಸ್ಥ ಪ್ರಾಣಿ ಇನ್ನೊಂದಿಲ್ಲ ಅಂತ ನಾನು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದೆ.

ಮಾರ್ಚಿನಲ್ಲಿ ನನ್ನ ಅತ್ತೆ ಕುಂದಾಪುರದ ಕಡೆಯಿಂದ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದರು. ಅವರು ಬಂದ ವಾರಕ್ಕೇ ಆಮೆಗೆ ಕಾಲು ನಿಲ್ಲದಾಯಿತು.

ಬೆಳಿಗ್ಗೆ ಆರು ಗಂಟೆಗೆ ಸೋಫಾದ ಕೆಳಗಿಂದ ಹೊರಬಂದರೆ ಸಂಜೆಯವರೆಗೆ ನಡಿಗೆ. ಗೋಡೆ ಹಿಡಿದು ನಡುಮನೆ, ನಡುಮನೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಬಾಲ್ಕನಿಯ ಗಾಜಿನ ಬಾಗಿಲು. ಅಲ್ಲಿ ನಿಂತು ಗಾಜನ್ನು ಪರಪರ ಕೆರೆಯುವುದು. ಗಾಜು ಜಗ್ಗದಿದ್ದರೆ ತಲೆಯಿಂದ ಕುಟ್ಟುವುದು. ಆಮೇಲೆ ಚಪ್ಪಲಿ ಸ್ಟ್ಯಾಂಡಿನ ಮೂಲೆಗೆ ಹೋಗಿ ಗೋಡೆ ಹತ್ತಲು ನೋಡಿ, ಬೆನ್ನಡಿಯಾಗಿ ಟೈಲ್ಸಿನ ಮೇಲೆ ಧಡಾರನೆ ಬೀಳುವುದು. ನಾವು ಓಡಿ ಹೋಗಿ ಎತ್ತಿ ಸರಿಮಾಡಿದರೆ ಉಪಕಾರಸ್ಮರಣೆಯೇನೂ ಇಲ್ಲದೆ ಮತ್ತೆ ಅದೇ ಗೋಡೆಗೆ ಕಾಲು ಹಾಕುವುದು. ಒಮ್ಮೊಮ್ಮೆ ಮೂಲೆಯಲ್ಲಿ ನಿಂತು ಹಿಂಗಾಲುಗಳನ್ನು ಒಂದಾದ ಮೇಲೊಂದರಂತೆ ನೆಲಕ್ಕೆ ತಿಕ್ಕುತ್ತಿತ್ತು. ಮಳೆಗಾಲದಲ್ಲಿ ಮನೆಯೊಳಗೆ ಬರುವವರು ಗೋಣಿತಾಟಿನ ಮೇಲೆ ಕಾಲು ಒರೆಸಿಕೊಳ್ಳುವ ಹಾಗೆ. ಎಷ್ಟು ಶುಚಿ ನೋಡು ಅಂತ ನಾನು ಹೆಂಡತಿಗೆ ತೋರಿಸಿದೆ.

ನಾಲ್ಕನೆಯ ದಿನ ಕೆಳಗಿನ ಫ್ಲ್ಯಾಟಿನ ಲಾಹೋರಿನ ಸಾಹೇಬರು ಮೇಲೆ ಬಂದರು. ತುಂಬ ಸಭ್ಯರು. ಒಳಗೆ ಕರೆದರೂ ಬರಲಿಲ್ಲ.

"ಭಾಯಿ ಸಾಹಬ್, ಮನೆಯಲ್ಲಿ ಬಡಗಿ ಕೆಲಸ ನಡೀತಿದೆಯಾ?" ಅಂತ ಹಿಂದಿಯಲ್ಲಿ ಕೇಳಿದರು.

"ಇಲ್ಲ, ಆಮೆ," ಅಂದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಸರಿ, ಮುಗಿಯುವುದಕ್ಕೆ ಎಷ್ಟು ದಿನ ಆಗಬಹುದು?" ಅಂದರು.

ಚಿಕಿತ್ಸೆ ಶುರುವಾದದ್ದು ಹೀಗೆ. ನನ್ನ ಪ್ರಕಾರ ಅದಕ್ಕೆ ಹಸಿವು. ಲೆಟಿಸ್, ಮುಳ್ಳುಸೌತೆ, ಕಲ್ಲಂಗಡಿ, ಮಾರ್ಕೆಟ್ಟಿನಲ್ಲಿ ಸಿಕ್ಕಿದ ನುಗ್ಗೆಸೊಪ್ಪು, ಎಲ್ಲ ತಂದು ದಾರಿಯುದ್ದಕ್ಕೂ ಹಾಸಿದೆ. ಅದು ಎಲ್ಲವನ್ನೂ ತುಳಿದು ಮುಂದೆ ಹೋಯಿತು. ಹೆಂಡತಿಯ ಪ್ರಕಾರ ಅದಕ್ಕೆ ಹಳೆಯ ಮನೆಯ ನೆನಪು. ಹದಿನೈದು ವರ್ಷ ಅರಬಿ ಕೇಳಿದ ಕಿವಿಗೆ ನಮ್ಮ ಕನ್ನಡ ಹಿಡಿಸುತ್ತಿಲ್ಲ ಅಂದಳು. ಟೀವಿಯಲ್ಲಿ ಅರಬಿ ವಾರ್ತೆ ಹಾಕಿಟ್ಟಳು. ಆಮೆ ನಿಂತು ಕತ್ತೆತ್ತಿ ಒಂದು ನಿಮಿಷ ಕೇಳಿತು. ನಮಗೆಲ್ಲ ಆಸೆ ಹುಟ್ಟಿತು. ಜಾಹೀರಾತು ಬಂದದ್ದೇ ಹೊರಟಿತು.

ಮಗಳು ಇಂಟರ್ನೆಟ್ಟಿನಲ್ಲಿ ಓದಿ ಬಂದು, "ಪಪ್ಪಾ, ಹೀ ಈಸ್ ಸ್ಟ್ರೆಸ್ಡ್. ಗಾಜು ಅಂದ್ರೆ ಏನೂಂತ ಅದಕ್ಕೆ ಗೊತ್ತಾಗೋದಿಲ್ಲ. ಆಚೆ ಕಾಣ್ತದೆ, ಹೋಗ್ಲಿಕ್ಕೆ ಆಗೋದಿಲ್ಲ. ಮತ್ತೆ ಗಾಜಲ್ಲಿ ತನ್ನನ್ನೇ ನೋಡಿ ಬೇರೆ ಆಮೆ ಅಂದ್ಕೊಳ್ತದೆ," ಅಂದಳು. ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ಆಫೀಸಿನಿಂದ ದಪ್ಪ ಕಂದು ಕಾಗದ ತಂದು ಗಾಜಿನ ಕೆಳಭಾಗಕ್ಕೆ ಒಂದೂವರೆ ಅಡಿ ಎತ್ತರಕ್ಕೆ ಅಂಟಿಸಿದೆವು. ಗಾಜಿಗೆ ತಲೆ ಕುಟ್ಟುವುದು ಅಂದೇ ನಿಂತಿತು. ನಡಿಗೆ ನಿಲ್ಲಲಿಲ್ಲ.

ಇದನ್ನೆಲ್ಲ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡುತ್ತಿದ್ದರು. ಅವರ ವಿಷಯ ಒಂದು ಹೇಳಬೇಕು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರು ನನ್ನ ಜೊತೆ ನೇರ ಮಾತಾಡಿದವರಲ್ಲ. ಸಿಟ್ಟಲ್ಲ, ಅಳಿಯನ ಎದುರು ಮರ್ಯಾದೆ. ನಾನು ಎದುರಿಗೇ ಕೂತಿದ್ದರೂ ನನ್ನ ಹೆಂಡತಿಯ ಕಡೆ ತಿರುಗಿ, "ಅವ್ರಿಗೆ ಕಾಪಿ ಬೇಕಾ ಕೇಣ್," ಅನ್ನುವರು. ನಾನು, "ಬೇಕು ಅತ್ತೆ," ಅನ್ನುವೆ. "ಸಕ್ರಿ ಹಾಕುದಾ ಕೇಣ್," ಅನ್ನುವರು. ನನ್ನ ಹೆಂಡತಿ ಎರಡು ಕಡೆಯ ಮಾತು ಸಾಗಿಸುವ ಕಷ್ಟ ಬಿಟ್ಟು ಮೊಬೈಲು ನೋಡುತ್ತ ಕೂತಿರುತ್ತಿದ್ದಳು.

ಊರಲ್ಲಿ ಎರಡು ದನ, ಹತ್ತಿಪ್ಪತ್ತು ಕೋಳಿ, ಅಕ್ಕಪಕ್ಕದ ಮೂರು ಮನೆಗಳ ಪಂಚಾಯ್ತಿಕೆ ನಡೆಸುತ್ತಿದ್ದವರಿಗೆ ನಮ್ಮ ನಾಲ್ಕನೇ ಮಹಡಿಯಲ್ಲಿ ಮಾಡಲು ಕೆಲಸವಿರಲಿಲ್ಲ. ಹಾಗಾಗಿ ಆಮೆಯನ್ನು ಅವರಷ್ಟು ಗಮನವಿಟ್ಟು ಇನ್ನಾರೂ ನೋಡಿರಲಿಲ್ಲ. ಐದನೆಯ ದಿನ ಅವರು ತೀರ್ಪು ಕೊಟ್ಟರು.

"ಇದ್ ಬಸ್ರಿ," ಅಂದರು.

"ಅಮ್ಮ, ಅದು ಗಂಡು," ಅಂದಳು ನನ್ನ ಹೆಂಡತಿ.

"ಯಾರ್ ಹೇಳದ್?"

"ಸಾಕಿದವರೇ ಹೇಳಿದ್ದು. ಹದಿನೈದು ವರ್ಷ ಒಂದೇ ಇತ್ತು, ಜೊತೆಗೆ ಬೇರೆ ಆಮೆಯೇ ಇರಲಿಲ್ಲ."

"ಅದೆಲ್ಲ ನಂಗೊತ್ತಿಲ್ಲ. ಕೋಳಿ ಮೊಟ್ಟೆ ಇಡುಕ್ ಮುಂಚೆ ಹೀಂಗೇ ಜಾಗ ಹುಡ್ಕುದ್. ಅವ್ರಿಗೆ ಹೇಳ್," ಅಂದರು. ನಾನು ಅಲ್ಲೇ ಇದ್ದೆ. ಆಮೆಗೂ ಕೋಳಿಗೂ ಏನು ಸಂಬಂಧ ಅಂತ ಮನಸ್ಸಿನಲ್ಲೇ ನಕ್ಕೆ. ಮೊಟ್ಟೆಯೇ ಸಂಬಂಧ ಅಂತ ನನಗೆ ಆಗ ಹೊಳೆಯಲಿಲ್ಲ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಬೆಂಗಳೂರಿನವನು, ಎಲ್ಲದಕ್ಕೂ ಕಾರಣ ಹುಡುಕುವ ಎಂಜಿನಿಯರು. ನನ್ನ ಕಥೆ ಕೇಳಿ, "ಸಿಂಪಲ್ ಕಣ್ರೀ. ಹದಿನೈದು ವರ್ಷದ ಬ್ಯಾಚುಲರ್. ಮಾರ್ಚ್ ತಿಂಗಳು. ಇನ್ನೇನಾಗ್ಬೇಕು? ಅದಕ್ಕೊಂದು ಮದುವೆ ಮಾಡಿ," ಅಂದ. ನನಗೆ ಇದು ಸರಿಯೆನಿಸಿತು. ಯಾಕೆಂದರೆ ಅದು ಗಂಡು ಅನ್ನುವ ಒಂದೇ ಮಾತಿನ ಮೇಲೆ ನಾನು ನಿಂತಿದ್ದೆ. ಸಂಜೆ ಮನಾಮಾದ ಒಂದು ಸಾಕುಪ್ರಾಣಿ ಅಂಗಡಿಗೆ ಹೋಗಿ ಹೆಣ್ಣಾಮೆ ಸಿಗುತ್ತದೆಯೇ ಅಂತ ವಿಚಾರಿಸಿಕೊಂಡು ಬಂದೆ. ಅಂಗಡಿಯವನು ಅಂಕಲ್‌ನ ಫೋಟೋ ಕೇಳಿದ. ನನ್ನ ಮೊಬೈಲಿನಲ್ಲಿದ್ದದ್ದು ಮುಖದ ಫೋಟೋ. ಅವನು ಅದನ್ನು ನೋಡಿ, ಒಳ್ಳೆಯ ಕಳೆಯಿದೆ ಅಂದ.

ಮನೆಗೆ ಬಂದು ವಿಷಯ ತಿಳಿಸಿದೆ. ಅತ್ತೆ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿ ನನ್ನ ಹೆಂಡತಿಯ ಕಡೆ ತಿರುಗಿದರು.

"ನಿನ್ ಗಂಡ ಬಸ್ರಿಗೆ ಹೆಣ್ಣ್ ತಪ್ಪುಕ್ ಹೊರ್ಟಿದ್ರ್," ಅಂದರು.

ಬಸುರಿಗೆ ಹೆಣ್ಣು ತರಲು ಹೊರಟವನಾಗಿ ನಾನು ಆ ವಾರ ಹೆಂಡತಿಯ ಅಕ್ಕತಂಗಿಯರ ವಾಟ್ಸಾಪ್ ಗುಂಪಿನಲ್ಲಿ ಬಹಳ ಪ್ರಸಿದ್ಧನಾದೆ.

ಆದರೆ ಎಂಟನೆಯ ದಿನ ನಗು ನಿಂತಿತು. ಆಮೆ ಸೊಪ್ಪು ಮುಟ್ಟುವುದನ್ನೇ ಬಿಟ್ಟಿತ್ತು. ತಿಕ್ಕಿ ತಿಕ್ಕಿ ಹಿಂಗಾಲಿನ ಉಗುರಿನ ಬುಡ ಕೆಂಪಾಗಿತ್ತು. ಮಗಳು ಅದರ ಪಕ್ಕ ನೆಲದಲ್ಲಿ ಮಲಗಿ ಅಳುತ್ತಿದ್ದಳು. ನಾನು ಅರ್ಧ ದಿನ ರಜೆ ಹಾಕಿ ಪ್ರಾಣಿಗಳ ಡಾಕ್ಟರಿಗೆ ಫೋನ್ ಮಾಡಿ ಸಮಯ ತಗೊಂಡೆ. ಹೊರಡುವಾಗ ಅತ್ತೆ ಆಗಲೇ ಸೀರೆ ಬದಲಿಸಿ, ಟಬ್ಬಿನಲ್ಲಿ ಹಳೆಯ ಟವೆಲು ಹಾಸಿ, ಆಮೆಯನ್ನು ಮಲಗಿಸಿ ಬಾಗಿಲಲ್ಲಿ ನಿಂತಿದ್ದರು. ಬರುತ್ತೀರಾ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಹೆಂಡತಿ ಅಳುತ್ತಿದ್ದ ಮಗಳನ್ನೂ ಕರೆದುಕೊಂಡು ಶಾಲೆಗೆ ಪಾಠ ಮಾಡಲು ಹೋಗಿದ್ದಳು. ಹಾಗಾಗಿ ನಾನು, ಅತ್ತೆ, ಆಮೆ, ಮೂವರೇ ಕಾರಿನಲ್ಲಿ. ಮಾತು ಸಾಗಿಸುವವರಿಲ್ಲದೆ ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಒಂದು ಕಡೆ ಬ್ರೇಕು ಜೋರಾಗಿ ಹಾಕಿದಾಗ ಅತ್ತೆ ಆಮೆಗೆ, "ಹೆದ್ರಬೇಡ, ಅವ್ರ್ ನಿಧಾನಕ್ಕೆ ಬಿಡ್ತ್ರ್," ಅಂದರು. ನಾನು ನಿಧಾನ ಮಾಡಿದೆ.

ಡಾಕ್ಟರು ಬಹ್ರೇನಿನ ತರುಣಿ, ತಲೆಗೆ ಬೂದುಬಣ್ಣದ ಸ್ಕಾರ್ಫು ಕಟ್ಟಿದ್ದಳು. ಆಮೆಯನ್ನು ಮೇಜಿನ ಮೇಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಒಂದೊಂದಾಗಿ ಕೇಳಿದಳು. ದಿನಕ್ಕೆ ಎಷ್ಟು ಹೊತ್ತು ನಡೆಯುತ್ತದೆ, ಯಾವಾಗಿನಿಂದ, ಮನೆಯ ನೆಲ ಎಂಥದು, ಮಣ್ಣು ಎಲ್ಲಾದರೂ ಇದೆಯೇ. ಟೈಲ್ಸು, ಮಣ್ಣಿಲ್ಲ ಅಂದೆ.

"ಹಿಂಗಾಲಿನಿಂದ ನೆಲ ಕೆರೆಯುತ್ತದೆಯೇ?"

"ಕೆರೆಯುತ್ತದೆ. ಕಾಲು ಒರೆಸಿಕೊಳ್ಳುವುದು ಅಂದುಕೊಂಡಿದ್ದೆ," ಅಂದೆ. ಅವಳು ನಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಕೃತಜ್ಞ.

"ಗಂಡು ಅಂತ ಯಾರು ಹೇಳಿದರು?"

"ಮೊದಲಿನ ಮಾಲೀಕರು."

ಅವಳು ಆಮೆಯನ್ನು ಮೆಲ್ಲಗೆ ಎತ್ತಿ ಅಡಿಭಾಗ ತೋರಿಸಿದಳು. ಗಂಡಾದರೆ ಬಾಲ ಉದ್ದ, ಹೊಟ್ಟೆಯ ಚಿಪ್ಪು ಸ್ವಲ್ಪ ಒಳಗೆ ಕುಳಿಬಿದ್ದಿರುತ್ತದೆ. ಇದರ ಬಾಲ ಹೆಬ್ಬೆರಳ ತುದಿಯಷ್ಟೂ ಇರಲಿಲ್ಲ, ಹೊಟ್ಟೆ ಮಣೆಯ ಹಾಗೆ ಚಪ್ಪಟೆ. ಅಷ್ಟರಲ್ಲಿ ಅತ್ತೆ ಮುಂದೆ ಬಂದು ಆಮೆಯ ಹಿಂಗಾಲಿನ ಮುಂದಿನ ಮೆತ್ತನೆ ಜಾಗಕ್ಕೆ ಬೆರಳು ತೋರಿಸಿದರು. ಡಾಕ್ಟರು ಅವರ ಮುಖ ನೋಡಿದಳು. ಆಮೇಲೆ ಅದೇ ಜಾಗದಲ್ಲಿ ತನ್ನ ಬೆರಳು ಇಳಿಸಿ ಮುಟ್ಟಿ ನೋಡಿ, ತಲೆಯಾಡಿಸಿದಳು. ಅತ್ತೆಯೂ ತಲೆಯಾಡಿಸಿದರು. ಇವರಿಗೆ ಅರಬಿ ಬಾರದು, ಅವಳಿಗೆ ಕನ್ನಡ ಬಾರದು. ಇಬ್ಬರಿಗೂ ವಿಷಯ ತಿಳಿದು ಹೋಗಿತ್ತು. ತಿಳಿಯದೆ ನಿಂತಿದ್ದವನು ನಾನೊಬ್ಬನೇ.

ಎಕ್ಸ್‌ರೇಯಲ್ಲಿ ಐದು ಮೊಟ್ಟೆ ಕಂಡವು. ಚಿಪ್ಪಿನೊಳಗೆ ಪಿಂಗ್‌ಪಾಂಗ್ ಚೆಂಡುಗಳನ್ನು ಜೋಡಿಸಿಟ್ಟ ಹಾಗೆ.

"ಖಾಲಾಗೆ ಮೊದಲೇ ಗೊತ್ತಾಗಿತ್ತು," ಅಂದಳು ಡಾಕ್ಟರು. ಖಾಲಾ ಅಂದರೆ ಚಿಕ್ಕಮ್ಮ. ನಾಟಿಕೋಳಿ ಹುಂಜವಿಲ್ಲದೆಯೂ ಮೊಟ್ಟೆ ಇಡುವ ಹಾಗೆ ಇದೂ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಆದರೆ ತೋಡಲು ಮಣ್ಣು ಸಿಗದಿದ್ದರೆ ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಜೀವಕ್ಕೇ ಅಪಾಯ. ಬಿಸಿಲು ಬೀಳುವ, ಕಾಲು ಹುಗಿಯುವಷ್ಟು ಆಳದ, ಸ್ವಲ್ಪ ತೇವದ ಮಣ್ಣು ಬೇಕು. ಉಗುರುಬೆಚ್ಚನೆ ನೀರಿನಲ್ಲಿ ದಿನಾ ಸ್ವಲ್ಪ ಹೊತ್ತು ಕೂರಿಸಿ. ಎರಡು ಮೂರು ದಿನದಲ್ಲಿ ಇಡದಿದ್ದರೆ ಇಂಜೆಕ್ಷನ್ ಕೊಡೋಣ, ಕರೆತನ್ನಿ ಅಂದಳು.

ಬಂದರಿನಲ್ಲಿ ಹದಿನಾಲ್ಕು ವರ್ಷ ಒಂದು ಪೆಟ್ಟಿಗೆಯ ಲೆಕ್ಕ ತಪ್ಪಲು ಬಿಡದವನು ನಾನು. ನನ್ನದೇ ಮನೆಯಲ್ಲಿ ಒಳಗಿನ ಸರಕು ನೋಡದೆ ಹೊರಗಿನ ಚೀಟಿ ನಂಬಿದ್ದೆ.

ಸಂಜೆ ಜೋರ್ಡಾನಿನ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ.

"ಹೆಣ್ಣಾ?" ಅಂದರು.

"ಹೆಣ್ಣೇ. ನೂರಕ್ಕೆ ನೂರು."

"ಬ್ರದರ್, ಹದಿನೈದು ವರ್ಷ ನಾನು ನನ್ನ ಹೆಂಡತಿಯ ಮೇಲಿನ ದೂರುಗಳನ್ನೆಲ್ಲ ಅದರ ಹತ್ತಿರ ಹೇಳಿಕೊಂಡಿದ್ದೇನೆ, ಗಂಡಸಿಗೆ ಗಂಡಸಿನ ಕಷ್ಟ ಗೊತ್ತಾಗುತ್ತದೆ ಅಂತ," ಅಂದರು. ಹಿಂದಿನಿಂದ ಅವರ ಹೆಂಡತಿ ನಗುವುದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಈಗ ಮಣ್ಣಿನ ಪ್ರಶ್ನೆ. ಗುಫೂಲಿನಲ್ಲಿ ಮಣ್ಣು ಇರುವುದು ಬಿಲ್ಡಿಂಗಿನ ಮುಂದಿನ ಎರಡು ಹೂಕುಂಡಗಳಲ್ಲಿ ಮಾತ್ರ. ಬುದಯ್ಯದಲ್ಲಿ ನನ್ನ ಊರಕಡೆಯ ಸ್ನೇಹಿತನೊಬ್ಬ ಕಾಂಪೌಂಡಿನೊಳಗೆ ಒಂದು ಮನೆ ಹಿಡಿದಿದ್ದ. ಹಾರ್ಡ್‌ವೇರ್ ಅಂಗಡಿಯ ಯಜಮಾನ. ಅಂಗಡಿಗಿಂತ ಹೆಚ್ಚು ಅಭಿಮಾನ ಅವನಿಗೆ ಹಿತ್ತಿಲಿನ ಬಸಳೆ ಚಪ್ಪರದ ಮೇಲೆ. ಊರಿಂದ ತಂದ ದಂಟು ನೆಟ್ಟು, ಬೇಸಿಗೆಯಲ್ಲಿ ನೆರಳಿನ ಬಲೆ ಕಟ್ಟಿ ಮಗುವಿನ ಹಾಗೆ ಬೆಳೆಸಿದ್ದ. ವಿಷಯ ಹೇಳಿದಾಗ, "ಕರ್ಕೊಂಡು ಬಾ ಮಾರಾಯ, ಹಿತ್ತಿಲು ನಿಮ್ಮದೇ. ಬಸಳೆ ಬುಡ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಇಡ್ಲಿ," ಅಂದ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಹೋದೆವು. ಆಮೆಯನ್ನು ಹಿತ್ತಿಲಲ್ಲಿ ಇಳಿಸಿದೆವು. ಹದಿನೈದು ವರ್ಷ ಟೈಲ್ಸಿನ ಮೇಲೆ ಬದುಕಿದ ಪ್ರಾಣಿ ಮಣ್ಣಿನ ಮೇಲೆ ಮೊದಲ ಕಾಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು. ಮೂಗು ನೆಲಕ್ಕೆ ತಾಗಿಸಿ ಮೂಸಿತು. ಆಮೇಲೆ ನಡೆಯಿತು. ಬದನೆ ಪಾತಿ, ಕರಿಬೇವಿನ ಗಿಡ, ಖರ್ಜೂರದ ಮರದ ಬುಡ ಎಲ್ಲವನ್ನೂ ನೋಡಿ ಬಂದಿತು. ಸ್ನೇಹಿತನ ಹೆಂಡತಿ ಕುರ್ಚಿ ಹಾಕಿಸಿ ಚಹಾ, ಗೋಳಿಬಜೆ ತಂದಿಟ್ಟಳು. ಆಸ್ಪತ್ರೆಯ ಹೆರಿಗೆ ಕೋಣೆಯ ಹೊರಗೆ ಕಾಯುವವರ ಹಾಗೆ ನಾವು ಸಾಲಾಗಿ ಕೂತು ತಿಂದೆವು. ಆಮೆ ಒಂದು ಗಂಟೆ ಸುತ್ತು ಹಾಕಿ, ನೇರ ಹೋಗಿ ಬಸಳೆ ಚಪ್ಪರದ ಕೆಳಗೆ ನಿಂತು, ಹಿಂಗಾಲು ಬೀಸಿತು. ಮಣ್ಣು ಹಾರಿತು.

ಸ್ನೇಹಿತ ಗೋಳಿಬಜೆ ಕೈಯಲ್ಲಿ ಹಿಡಿದುಕೊಂಡೇ ಎದ್ದ. "ಸ್ವಲ್ಪ ಆಚೆ ಸರಿಸಬಹುದಾ?" ಅಂದ.

"ಮುಟ್ಟುಕಾಗ," ಅಂದರು ಅತ್ತೆ. ಆಮೇಲೆ ನಮ್ಮಿಬ್ಬರನ್ನೂ ನೋಡಿ, "ಇಲ್ಲ್ ಗಂಡಸ್ರಿಗ್ ಎಂತ ಕೆಲ್ಸ? ಒಳಗ್ ಹೋಯ್ನಿ," ಅಂದರು. ನಾನು ಕದಲಲಿಲ್ಲ. ಆ ಮಾತು ನನಗೆ ಅಂತ ಹೊಳೆಯಲೇ ಇಲ್ಲ. ಹೆಂಡತಿ ತಲುಪಿಸಲಿ ಅಂತ ಕಾಯುತ್ತಿದ್ದೆ.

"ನಿಮ್ಗೇ ಹೇಳದ್," ಅಂದರು ಅತ್ತೆ, ನನ್ನ ಮುಖ ನೋಡಿ.

ಹದಿನಾಲ್ಕು ವರ್ಷದಲ್ಲಿ ಅವರು ನನಗೆ ನೇರ ಹೇಳಿದ ಮೊದಲ ಮಾತು ಅದು. ನಾನು ಒಳಗೆ ಹೋದೆ. ಹೆಂಡತಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡಳು.

ನಾನೂ ಸ್ನೇಹಿತನೂ ಅಡುಗೆಮನೆಯ ಕಿಟಕಿಯಿಂದ ನೋಡಿದೆವು. ಆಮೆ ಅವಸರ ಮಾಡಲಿಲ್ಲ. ಬಲಗಾಲಿನಿಂದ ಒಂದು ಹಿಡಿ, ಎಡಗಾಲಿನಿಂದ ಒಂದು ಹಿಡಿ ಮಣ್ಣು ತೆಗೆಯಿತು. ಗಟ್ಟಿ ಮಣ್ಣು ಬಂದಾಗ ತಾನೇ ನೀರು ಬಿಟ್ಟು ನೆನೆಸಿಕೊಂಡಿತು. ಸುಮಾರು ಒಂದೂವರೆ ಗಂಟೆಯಲ್ಲಿ ಮಡಕೆಯಾಕಾರದ ಚೊಕ್ಕ ಗುಂಡಿ ಆಯಿತು. ಅಷ್ಟು ಹೊತ್ತೂ ಅತ್ತೆ ಮೂರು ಮಾರು ದೂರದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದರು. ಮಗಳು ಅವರ ಬೆನ್ನಿಗೆ ಆತುಕೊಂಡು, ಎಂದೂ ಇಲ್ಲದೆ ಮೊಬೈಲು ಮರೆತು ಕೂತಿದ್ದಳು. ಒಂದೊಂದು ಮೊಟ್ಟೆ ಬಿದ್ದಾಗಲೂ ಅತ್ತೆ ಕಿಟಕಿಯ ಕಡೆ ಬೆರಳೆತ್ತಿ ತೋರಿಸಿದರು. ಐದನೆಯ ಬೆರಳು ಏಳುವಷ್ಟರಲ್ಲಿ ಸ್ನೇಹಿತ ನನ್ನ ಭುಜ ಹಿಡಿದುಕೊಂಡಿದ್ದ. ಮೂರು ಬಸಳೆ ಬಳ್ಳಿ ಬುಡಸಮೇತ ಮಲಗಿದ್ದು ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಆಮೆ ಮಣ್ಣು ಮುಚ್ಚಿ, ಹೊಟ್ಟೆಯಿಂದ ತಟ್ಟಿ ಸಮ ಮಾಡಿ, ಹಿಂತಿರುಗಿ ನೋಡದೆ ಹೊರಟಿತು. ಅತ್ತೆ ಅದನ್ನು ಎತ್ತಿ ಉಗುರುಬೆಚ್ಚನೆ ನೀರಿನ ಟಬ್ಬಿನಲ್ಲಿ ಕೂರಿಸಿ, ಕಾಲುಗಳ ಮಣ್ಣು ತೊಳೆದರು. ಡಾಕ್ಟರು ಹೇಳಿದ್ದು ಅಷ್ಟೇ. ಬಾಣಂತಿಯ ನೆತ್ತಿಗೆ ಎಣ್ಣೆ ಹಚ್ಚಲು ಹೊರಟಾಗ ಹೆಂಡತಿ ತಡೆದಳು. ಆಮೇಲೆ ನೆಲಕ್ಕೆ ಬಿಟ್ಟರೆ, ಇಷ್ಟು ದಿನ ಸೊಪ್ಪು ಮೂಸದ ಪ್ರಾಣಿ ಬಿದ್ದಿದ್ದ ಮೂರು ಬಸಳೆ ಬಳ್ಳಿಗಳನ್ನು ಎಲೆ ಬಿಡದೆ ತಿಂದು ಮುಗಿಸಿತು. ಸ್ನೇಹಿತ ಪಕ್ಕದಲ್ಲಿ ನಿಂತು ನೋಡಿದ. "ಬಾಣಂತಿ ತಿನ್ನಲಿ," ಅಂದ.

ಮಗಳು ಅಂದೇ ಅಂಕಲ್ ಅನ್ನುವುದು ಬಿಟ್ಟು ಆಂಟಿ ಅಂದಳು. ಮರಿಯಾಗುವುದಿಲ್ಲ ಅಂತ ಎಷ್ಟು ಹೇಳಿದರೂ ಸ್ನೇಹಿತ ಆ ಜಾಗಕ್ಕೆ ಕಡ್ಡಿ ನೆಟ್ಟು ಬೇಲಿ ಮಾಡಿದ. ಮಣ್ಣಿಗೆ ವಿಶ್ರಾಂತಿ ಬೇಕು, ಅದಕ್ಕೇ ಏನೂ ನೆಡುತ್ತಿಲ್ಲ ಅಂತ ನನ್ನ ಹತ್ತಿರ ಹೇಳಿದ. ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಬಗ್ಗಿ ನೋಡಿ ಹೋಗುತ್ತಾನೆ ಅಂತ ಅವನ ಹೆಂಡತಿ ಹೇಳಿದಳು.

ನಡಿಗೆ ನಿಂತಿತು. ಆದರೆ ಡಾಕ್ಟರು, ಈಗ ವಯಸ್ಸಿಗೆ ಬಂದಿದೆ, ಇನ್ನು ಇದು ಪ್ರತಿವರ್ಷದ ಮಾತು, ಮನೆಯಲ್ಲೇ ಮಣ್ಣು ಮಾಡಿಕೊಡಿ ಅಂದಿದ್ದಳು. ಕಡಲ ದಡದಲ್ಲಿ ಸಿಗುವ ಬೊಂಡಾಸ ಮೀನಿನ ಬಿಳಿ ಎಲುಬು ಕಡಿಯಲು ಕೊಡಿ, ಸುಣ್ಣದ ಅಂಶ ಬೇಕು ಅಂದಿದ್ದಳು. ಮಕ್ಕಳು ಈಜಾಡುವ ಗಟ್ಟಿ ಪ್ಲಾಸ್ಟಿಕ್ ತೊಟ್ಟಿ ಒಂದನ್ನು ಬಾಲ್ಕನಿಯಲ್ಲಿ ಇಟ್ಟು, ಬುದಯ್ಯದಿಂದ ಹನ್ನೊಂದು ಚೀಲ ಮಣ್ಣು ತಂದೆ. ಲಿಫ್ಟಿನಲ್ಲಿ ಮಣ್ಣು ಸಾಗಿಸುವುದನ್ನು ನೋಡಿ ವಾಚ್‌ಮನ್ ಏನು ಅಂತ ಕೇಳಿದ. ಆಮೆಗೆ ಅಂದೆ. ಲಾಹೋರಿನ ಸಾಹೇಬರು ಅಲ್ಲೇ ಇದ್ದರು. ಅವರು ಏನೂ ಕೇಳದೆ ಒಂದು ಚೀಲ ಹೆಗಲಿಗೆ ಹಾಕಿಕೊಂಡರು.

ಮೊದಲ ಮೂರು ದಿನ ಆಮೆ ಆ ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆ ಅದರಲ್ಲಿ ಒಂದು ಮೂಲೆಗೆ ಮೆಂತೆ ಚೆಲ್ಲಿದರು. ಎಂಟನೆಯ ದಿನ ಮೆಂತೆ ಎರಡೆಲೆಯಾಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಮೆಂತೆ ಇರಲಿಲ್ಲ. ಆಮೆ ಆ ಮೂಲೆಯಲ್ಲೇ ಅರ್ಧ ಹುಗಿದುಕೊಂಡು, ಕತ್ತು ಮಣ್ಣಿನ ಮೇಲೆ ಚಾಚಿ, ಬಿಸಿಲಿಗೆ ಬೆನ್ನು ಕೊಟ್ಟು ನಿದ್ದೆ ಮಾಡುತ್ತಿತ್ತು. ಅತ್ತೆ ನನ್ನನ್ನು ಕರೆದು ತೋರಿಸಿದರು. ನಾವಿಬ್ಬರೂ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದೆವು.

"ನಾಳೆ ಬಪ್ಪತಿಗೆ ಮೆಂತೆ ತಕಂಡ್ ಬನ್ನಿ," ಅಂದರು. "ಎರಡ್ ಪ್ಯಾಕೆಟ್. ಒಂದ್ ಅದ್ಕೆ, ಒಂದ್ ನಮ್ಗೆ."